ಮುಚ್ಚಿಟ್ಟ ಬಟ್ಟಲು

“ಖಾರ ಹೆಚ್ಚಾಯ್ತಾ?”

ಬೆಳ್ಳಿ ಕೇಳಿದಳು. ತೆಕ್ಕಟ್ಟೆಯ ಆ ಮನೆಯ ಅಡುಗೆಕೋಣೆಯಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಎದುರಿಗೆ ಇದ್ದದ್ದು ಒಂದು ಕಂಚಿನ ಬಟ್ಟಲು. ಅದರಲ್ಲಿ ಕುಚ್ಚಲಕ್ಕಿ ಅನ್ನ, ಪಕ್ಕದಲ್ಲಿ ಎರಡು ಬಂಗುಡೆ, ಮೇಲೆ ಸುರಿದ ಕೆಂಪು ಸಾರು. ಕೇಳಿಯಾದ ಮೇಲೆ ಬೆಳ್ಳಿ ಸ್ವಲ್ಪ ಹೊತ್ತು ಕಾದಳು. ಒಬ್ಬರು ತುತ್ತು ನುಂಗಿ ಉತ್ತರ ಹೇಳಲು ಬೇಕಾಗುವಷ್ಟು ಹೊತ್ತು. ಆಮೇಲೆ ಬಟ್ಟಲಿಗೆ ತಟ್ಟೆ ಮುಚ್ಚಿ, ತಾನು ಊಟಕ್ಕೆ ಕುಳಿತಳು.

ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದುಬಂದಿತ್ತು. ಗಂಗೊಳ್ಳಿಯಿಂದ ದೋಣಿ ಹತ್ತಿದ ಗಂಡ ಗುರುವ ಮರಳಲಿಲ್ಲ. ಜೊತೆಗಿದ್ದ ಮೂವರ ಹೆಣ ದಡಕ್ಕೆ ಬಂತು, ಗುರುವನದು ಬರಲಿಲ್ಲ. ದರ್ಭೆಯಲ್ಲಿ ಆಕೃತಿ ಮಾಡಿ ಸುಟ್ಟು ಕ್ರಿಯೆ ಮುಗಿಸೋಣವೆಂದು ಹಿರಿಯರು ಹೇಳಿದಾಗ ಬೆಳ್ಳಿ “ಮತ್ತೆ ಕಾಂಬ” ಎಂದು ಎದ್ದು ಒಳಗೆ ಹೋಗಿದ್ದಳು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕರಿಮಣಿ ಕುತ್ತಿಗೆಯಲ್ಲೇ ಉಳಿಯಿತು. ಇದ್ದೊಬ್ಬ ಮಗ ಲೀಲಾಧರನಿಂದ ದೋಣಿ ಹತ್ತುವುದಿಲ್ಲವೆಂದು ಆಣೆ ಮಾಡಿಸಿಕೊಂಡಳು. ಅವನು ಬಂದರಿಗೆ ಮಂಜುಗಡ್ಡೆ ಸಾಗಿಸುವ ಟೆಂಪೋ ಓಡಿಸುತ್ತಾನೆ. ಮುಚ್ಚಿಟ್ಟ ಬಟ್ಟಲನ್ನು ಸಂಜೆ ಬೆಳ್ಳಿಯೇ ತೆರೆದು, ಆರಿದ ಆ ಅನ್ನವನ್ನು ತಾನೇ ಉಣ್ಣುತ್ತಿದ್ದಳು. ಗಂಡ ಇದ್ದಾಗಲೂ ಅವನ ಬಟ್ಟಲಿನಲ್ಲಿ ಮಿಕ್ಕಿದ್ದನ್ನೇ ಅವಳು ಉಂಡದ್ದು.

ಸೊಸೆ ವಿನಯಾ ಬಿಜೂರಿನವಳು. ಅಜ್ಜ ಜಗಲಿಯಲ್ಲಿ ಪುರಾಣ ಓದುವಾಗ ಕಂಬಕ್ಕೆ ಒರಗಿ ಕೇಳುತ್ತ ಬೆಳೆದವಳಿಗೆ ಆಡುವುದಕ್ಕಿಂತ ಆಲಿಸುವುದೇ ಹಿತ. ಮದುವೆಯಾಗಿ ಬಂದ ಮೇಲೆ ಅತ್ತೆಯ ಮಾತನ್ನೂ ಅವಳು ಹಾಗೆಯೇ ಆಲಿಸಿದಳು. ಕುಂದಾಪುರದ ಮೀನುಮಾರುಕಟ್ಟೆಯಿಂದ ಬೆಳ್ಳಿ ಹನ್ನೆರಡೂವರೆಯ ಬಸ್ಸಿಗೆ ಬಂದು, ಹಿತ್ತಿಲಲ್ಲಿ ಮೆಟ್ಟುಕತ್ತಿ ಹಾಕಿ ಕುಳಿತು, ಮನೆಗೆಂದು ತಂದ ಮೀನು ಹಸನು ಮಾಡುತ್ತ ಬೆಳಗಿನಿಂದ ಆದದ್ದನ್ನೆಲ್ಲ ಹೇಳುವಳು. ವಿನಯಾ ಹಿಂಬಾಗಿಲ ಹೊಸ್ತಿಲಲ್ಲಿ ನೋಟುಪುಸ್ತಕ ಹಿಡಿದು ಕೂರುವಳು. ಬ್ರಹ್ಮಾವರದಿಂದ ಬೆಂಗಳೂರಿಗೆ ಹೋಗಿ ಧಾರಾವಾಹಿ ತೆಗೆಯುತ್ತಿದ್ದ ರತನ್, ವಿನಯಾ ಶಾಲಾ ವಾರ್ಷಿಕೋತ್ಸವಕ್ಕೆ ಬರೆದ ನಾಟಕ ಕಂಡು, “ಅಕ್ಕಾ, ಇದೇ ಮಾತು ಟೀವಿಗೆ ಬೇಕು” ಎಂದು ಕೇಳಿಕೊಂಡು ಮನೆಗೇ ಬಂದಿದ್ದ. ‘ದಡದ ಮನೆ’ ಹುಟ್ಟಿದ್ದು ಹಾಗೆ. ಅದರ ನಾಯಕಿ ಮೀನು ಮಾರುವ ಸೀತು. ಸೀತುವಿನ ಮಾತೆಲ್ಲ ಬೆಳ್ಳಿಯ ಮಾತು.

ಕದ್ದು ಬರೆದದ್ದಲ್ಲ. ಮೊದಲ ಕಂತಿಗೆ ಮುಂಚೆಯೇ ವಿನಯಾ ಕೇಳಿದ್ದಳು. “ಬರಿ,” ಎಂದಿದ್ದಳು ಬೆಳ್ಳಿ, “ನಾ ಎಂತ ಕದ್ದ್ ಸಿಕ್ಕಿಬಿದ್ದವಳಾ? ಆದ್ರೆ ಒಂದ್, ಹೆಣ್ಣೇ. ಸುಳ್ಳ್ ಬರಿಬೇಡ.”

ವಿನಯಾ ಸುಳ್ಳು ಬರೆಯಲಿಲ್ಲ. ಮೊಮ್ಮಗಳು ಪ್ರಜ್ಞಾ ಗಣಿತದಲ್ಲಿ ಫೇಲಾದದ್ದು, ಲೀಲಾಧರನ ಟೆಂಪೋ ಮಂಜುಗಡ್ಡೆ ಸಮೇತ ಕೆಟ್ಟು ನಿಂತದ್ದು, ಮನೆಯಲ್ಲಿ ನಡೆದದ್ದು ತಿಂಗಳೊಳಗೆ ಟೀವಿಯಲ್ಲಿ ಬರುತ್ತಿತ್ತು. ಬಟ್ಟಲು ಬಂತು. ಕೇಳಿ ಕಾಯುವ ಆ ಪ್ರಶ್ನೆಯೂ ಬಂತು. ರಾಜ್ಯದ ಯಾವ್ಯಾವುದೋ ಮೂಲೆಯಲ್ಲಿ ಹೆಂಗಸರು ಸೀತುವಿನ ಬಟ್ಟಲು ನೋಡಿ ಕಣ್ಣೊರೆಸಿಕೊಂಡರಂತೆ. ಮಾರುಕಟ್ಟೆಯಲ್ಲಿ ಪಕ್ಕದ ಬುಟ್ಟಿಯ ಶ್ರೀಲತಾ, “ಹ್ವಾಯ್ ಬೆಳ್ಳಕ್ಕ, ನಿನ್ನೆ ನಿಮ್ದ್ ಸಮಾ ಇದಿತ್ತ್ ಮಾರಾಯ್ರೆ!” ಎಂದರೆ ಬೆಳ್ಳಿ ಮೀನಿನ ಮೇಲೆ ನೀರು ಚಿಮುಕಿಸುತ್ತ, “ಇವತ್ತ್ ಕಾಣ್, ಇನ್ನೂ ಇತ್ತ್” ಎನ್ನುವಳು.

ನವರಾತ್ರಿ ಮುಗಿದ ವಾರ, ಒಂದು ಗುರುವಾರ, ಚಾನೆಲ್‌ನಿಂದ ವಿಡಿಯೋ ಕರೆ ಬಂತು. ಧಾರಾವಾಹಿಗಳನ್ನೆಲ್ಲ ನೋಡಿಕೊಳ್ಳುವ ತೃಷಾ ಮೇಡಂ ಒಂದು ಚೌಕದಲ್ಲಿ, ರತನ್ ಇನ್ನೊಂದರಲ್ಲಿ.

“ವಿನಯಾ ಅವ್ರೆ, ರೇಟಿಂಗ್ ಬಿದ್ದಿದೆ. ನಾಲ್ಕನೇ ವಾರ ಇದು,” ಎಂದಳು ತೃಷಾ. “ಸೀತು ಗಂಡ ವಾಪಸ್ ಬರ್ಲಿ.”

ಹೊರಗಿನವರ ಹತ್ತಿರ ಆಡುವ ಪುಸ್ತಕದ ಕನ್ನಡದಲ್ಲಿ ವಿನಯಾ ಹೇಳಿದಳು: “ಅವನು ಬರುವುದಿಲ್ಲ ಮೇಡಂ. ಬಾರದಿರುವುದೇ ಈ ಕಥೆ.”

“ಹೆಣ ಸಿಕ್ಕಿಲ್ಲ ಅಂತ ನೀವೇ ಬರ್ದಿದೀರ. ಸಿಕ್ಕಿಲ್ಲ ಅಂದ್ರೆ ಬರ್ತಾನೆ ಅಂತಾನೇ ಜನ ಕಾಯೋದು. ಎಷ್ಟು ದಿನ ಕಾಯಿಸ್ತೀರ?”

“ಇಪ್ಪತ್ತೆರಡು ವರ್ಷ ಕಾಯುವವರು ಇದ್ದಾರೆ.”

“ಅವ್ರು ಕಾಯ್ಲಿ. ಏಳೂವರೆ ಸ್ಲಾಟ್ ಕಾಯಲ್ಲ,” ಎಂದು ತೃಷಾ ನಕ್ಕಳು. ಕೆಟ್ಟ ನಗುವಲ್ಲ, ಆಯಾಸದ ನಗು. ಆಮೇಲೆ ಮೆತ್ತಗೆ, “ಕಥೆ, ಪಾತ್ರ ಎಲ್ಲಾ ಚಾನೆಲ್‌ದು. ಒಪ್ಪಂದ ಓದಿದೀರಲ್ವಾ? ನೀವೇ ಬರೆದ್ರೆ ಚೆನ್ನಾಗಿರುತ್ತೆ ಅಂತ ಕೇಳ್ತಿದೀನಿ” ಎಂದಳು.

ಕರೆ ಮುಗಿದ ಮೇಲೆ ರತನ್ ಬೇರೆಯಾಗಿ ಫೋನು ಮಾಡಿದ. “ಅಕ್ಕಾ, ಎಂತ ಮಾಡುದ್? ನಾ ಮಾಡುದಿಲ್ಲೆ ಅಂದ್ರೆ ನಾಳೆ ಮತ್ತೊಬ್ಬ ತೆಗಿತ.”

ಮರುದಿನ ಬೆಳ್ಳಿ ಮಾರುಕಟ್ಟೆಯಲ್ಲಿದ್ದಾಗ ಮನೆಯಲ್ಲಿ ಪಂಚಾಯಿತಿಕೆ ಆಯಿತು. ಲೀಲಾಧರ ಗಂಜಿ ಸುರಿಯುತ್ತ, “ಬಿಟ್ಬಿಡ್. ನನ್ನ ಟೆಂಪೋ ಇತ್ತಲ್ದಾ” ಎಂದ.

“ನಿಮ್ಮ್ ಟೆಂಪೋ ವಾರಕ್ಕೆ ಮೂರ್ ದಿನ ಗ್ಯಾರೇಜಂಗೆ ಇರತ್ತ್,” ಎಂದಳು ಪ್ರಜ್ಞಾ. ಎರಡನೇ ಪಿಯುಸಿ, ಬಾಯಿ ಅಜ್ಜಿಯದೇ. “ಅಮ್ಮ ಬಿಟ್ರೆ ಬೇರೆ ಯಾರೋ ಬರಿತ್ರ್. ಅವ್ರ್ ಅಜ್ಜಿಯನ್ನ ಎಂತ ಮಾಡ್ತ್ರೋ? ಅಮ್ಮ ಒಳಗೆ ಇದ್ರೆ ಸ್ವಲ್ಪ ಆದ್ರೂ ತಡಿಲಕ್ಕ್.”

“ಅಜ್ಜಿ ಅಲ್ಲ ಅದ್, ಸೀತು.”

“ಹೌದಾ? ಅಜ್ಜಿಗೆ ಹೇಳಿ ಕಾಂಬ, ಅಪ್ಪಯ್ಯ.”

ಯಾರೂ ಹೇಳಲಿಲ್ಲ. ಈಗಲೇ ಹೇಳುವುದು ಯಾಕೆ, ಚಾನೆಲ್ ಕೇಳಿದ್ದನ್ನು ಬರೆದೇ ದಾರಿ ತಪ್ಪಿಸಿಬಿಡುತ್ತೇನಲ್ಲ ಎಂದುಕೊಂಡಳು ವಿನಯಾ. ಹಾಗೆಯೇ ಬರೆದಳು ಕೂಡ. ರತ್ನಗಿರಿಯ ಕಡೆಯಿಂದ ಒಬ್ಬ ಮುದುಕನನ್ನು ಸೀತುವಿನ ಗಂಡನೆಂದು ಗುರುತು ಹಿಡಿದು ಕರೆತರುತ್ತಾರೆ. ಸೀತು ಬಟ್ಟಲು ತೆರೆದು ಬಡಿಸುತ್ತಾಳೆ. ಅವನು ಉಣ್ಣುವ ರೀತಿ ನೋಡಿಯೇ ಇವನಲ್ಲ ಎಂದು ತಿಳಿಯುತ್ತಾಳೆ. ಹೊಟ್ಟೆ ತುಂಬ ಉಣ್ಣಿಸಿ, ಬಸ್ಸು ಹತ್ತಿಸಿ ಬರುತ್ತಾಳೆ. ಬರೆದು ಮುಗಿಸಿದಾಗ ದೇವರ ಮುಂದೆ ಒಂದು ನಿಮಿಷ ಕೈಮುಗಿದು ನಿಂತಳು. ಅಷ್ಟು ಚೆನ್ನಾಗಿ ಬಂದಿತ್ತು.

ಚಾನೆಲ್‌ನ ಕೋಣೆಯಲ್ಲಿ ಮೂವರು ಕೂತು ಅದನ್ನು ತಿದ್ದಿದರು. ಉಣ್ಣುವ ದೃಶ್ಯ ಹೋಯಿತು, ಬಸ್ಸು ಹೋಯಿತು. ಬಂದವನು ಸೀತುವಿನ ಗಂಡ ಗೋವರ್ಧನನೇ ಆದ. ವಿನಯಾಳಿಗೆ ಗೊತ್ತಾಗುವ ಮೊದಲೇ ಪ್ರೊಮೋ ಬಂತು.

ಅಂದೇ ಸಂಜೆ ಏಳೂವರೆ. ಬೆಳ್ಳಿ ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ, ಎಲೆಯಡಿಕೆಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಟೀವಿಯಲ್ಲಿ ಮರಳು, ಮರಳ ಮೇಲೆ ಒಂದು ಜೊತೆ ಮುದಿ ಕಾಲು, ಆಮೇಲೆ ಒಂದು ದನಿ. “ಸೀತೂ… ನಾನೇ ಕಣೇ.”

ಬೆಳ್ಳಿಯ ಕೈಯಲ್ಲಿದ್ದ ವೀಳ್ಯದೆಲೆ ಹಾಗೆಯೇ ನಿಂತಿತು. ಕಂತು ಮುಗಿಯುವ ತನಕ ಅವಳು ಅಲುಗಲಿಲ್ಲ. ಆಮೇಲೆ ಎದ್ದು, ಪಾತ್ರೆ ತೊಳೆಯುತ್ತಿದ್ದ ಸೊಸೆಯ ಹಿಂದೆ ಬಂದು ನಿಂತಳು.

“ಅವ್ರನ್ನ ಎಲ್ಲ್ ಕಂಡೆ?”

ವಿನಯಾ ತಿರುಗಿದಳು. “ಯಾರನ್ನ ಅತ್ತೆ?”

“ನನ್ನ ಹತ್ರ ಮುಚ್ಚಿಡಬೇಡ. ರತ್ನಗಿರಿ ಅಂಬ್ರಲ್ದಾ ಅದ್ರಂಗೆ? ಯಾರ್ ಹೇಳ್ರ್ ನಿಂಗೆ? ಆರಾಮ್ ಇದ್ರಾ?”

“ಅತ್ತೆ… ಅದ್ ಕಥೆ. ಹುಟ್ಟ್ಸಿದ್.”

“ಇಷ್ಟ್ ದಿನ ಬಂದದ್ ಯಾವ್ದ್ ಹುಟ್ಟ್ಸಿದ್? ಪ್ರಜ್ಞಾ ಫೇಲಾದದ್ ಹುಟ್ಟ್ಸಿದ್ದಾ? ನನ್ನ ಬಟ್ಲ್ ಹುಟ್ಟ್ಸಿದ್ದಾ?”

“ಇದ್ ನಾ ಬರ್ದದ್ದಲ್ಲ. ಬೆಂಗ್ಳೂರಂಗೆ ಅವ್ರ್ ಬರ್ದದ್ದ್.”

“ಹೆಸ್ರ್ ನಿಂದೇ ಬಂತಲ್ದಾ, ಶುರುವಿಗೆ? ನಂಗೆ ಓದೂಕೆ ಬಪ್ಪುದಿಲ್ಲೆ. ಆದ್ರೆ ನಿನ್ನ ಹೆಸ್ರ್ ಎಲ್ಲಿ ಬತ್ತ್, ಹ್ಯಾಂಗೆ ಕಾಣ್ತ್ ಅಂದೇಳಿ ನಂಗೆ ಗೊತ್ತಿತ್ತ್.”

ನಲ್ಲಿ ಸುರಿಯುತ್ತಲೇ ಇತ್ತು. ವಿನಯಾ ಏನೇನೋ ಹೇಳಿದಳು: ಚಾನೆಲ್ ಎಂದರೇನು, ಒಪ್ಪಂದ ಎಂದರೇನು, ತಾನು ಬರೆದ ಮುದುಕ ಯಾರು, ಅವನನ್ನು ಹೇಗೆ ಬದಲಿಸಿದರು. ಬೆಳ್ಳಿ ಎಲ್ಲ ಕೇಳಿಸಿಕೊಂಡು, “ನಂಗೆ ಹೇಳ್ಬೇಡ ಅಂದೇಳಿ ಅವ್ರೇ ಅಂದಿರ್ಲಕ್ಕ್. ಆಯ್ತ್. ಬಪ್ಪ ಹೊತ್ತಿಗೆ ಬತ್ರ್” ಎಂದು ಹೋಗಿ ಮಲಗಿದಳು.

ಮಾರನೆಯ ದಿನ ವಿನಯಾ ರತನ್‌ಗೆ ಫೋನು ಮಾಡಿದಳು. “ನನ್ನ ಹೆಸ್ರ್ ತೆಗ್ಸ್, ತಮ್ಮಾ.”

“ಹೆಸ್ರ್ ತೆಗ್ದ್ರೆ ನೀವ್ ಬಿಟ್ರಿ ಅಂಬ ಸುದ್ದಿ ಆತ್ತ್ ಅಕ್ಕಾ. ಚಾನೆಲ್ ಒಪ್ಪುದಿಲ್ಲೆ. ಹೆಸ್ರೂ ಒಪ್ಪಂದದಂಗೆ ಇತ್ತ್.”

ಆ ಎರಡು ವಾರ ಆ ಮನೆಯಲ್ಲಿ ನಡೆದದ್ದನ್ನು ಯಾವ ಕಂತಿಗೂ ವಿನಯಾ ಬರೆಯಲಿಲ್ಲ. ಬೆಳ್ಳಿ ಜಗಲಿಯ ಮೂಲೆಯ ಹಳೆಯ ಬಲೆಗಳನ್ನು ತೆಗೆಸಿ ಗುಡಿಸಿದಳು. ಪೇಟೆಯಿಂದ ಒಂದು ಬಿಳಿ ಬನಿಯನ್, ಒಂದು ಚೌಕಳಿ ಲುಂಗಿ ತಂದು, ಮಡಿಕೆ ಬಿಚ್ಚದೆ ಪೆಟ್ಟಿಗೆಯ ಮೇಲಿಟ್ಟಳು. ಮಗನಿಗೆ ಹೇಳಿದಳು: “ಯಡ್ತರೆಗೆ ಹೋಗಿ ನಿನ್ನ ಸೋದರತ್ತೆ ಹತ್ರ ಕೇಣ್ಕಂಡ್ ಬಾ. ನಿನ್ನ ಅಪ್ಪಯ್ಯ ಅಲ್ಲಿಗೆ ಮೊದ್ಲ್ ಬಂದಿರ್ಲಕ್ಕ್.”

“ಅಮ್ಮಾ, ಮಂಡೆ ಸಮಾ ಇತ್ತಾ ನಿಮ್ಗೆ?”

“ಹೋತ್ಯೋ, ನಾನೇ ಬಸ್ಸಂಗೆ ಹೋಯ್ಕಾ?”

ಲೀಲಾಧರ ಟೆಂಪೋ ತೆಗೆದುಕೊಂಡು ಹೋದ. ಯಡ್ತರೆಯ ಅತ್ತೆ ಬಾಗಿಲಲ್ಲೇ ನಿಂತು, “ನಾವೂ ಕಂಡ್ತ್, ಮಗಾ. ಹೌದಾ ಹಂಗಾರೆ?” ಎಂದು ಕೇಳಿದಳಂತೆ. ಅವನು ಅಲ್ಲಿಂದಲೇ ಟೆಂಪೋ ತಿರುಗಿಸಿಕೊಂಡು ಬಂದ.

ಆ ದಿನಗಳಲ್ಲಿ ಸಾರಿನ ರುಚಿ ಬದಲಾಯಿತು. ಪ್ರಜ್ಞಾ ಮೊದಲ ತುತ್ತಿಗೇ, “ಎಂತ ಅಜ್ಜಿ, ಖಾರವೇ ಇಲ್ಲೆ? ಮೀನೂ ಬೆಂದ್ ಮುದ್ದೆ ಆಯಿತ್ತ್” ಎಂದಳು.

“ಎಪ್ಪತ್ತೊಂದ್ ವರ್ಷ ಅವ್ರಿಗೆ,” ಎಂದಳು ಬೆಳ್ಳಿ. “ಹಲ್ಲ್ ಇರತ್ತಾ? ಖಾರ ಆತ್ತಾ?”

ಪ್ರಜ್ಞಾ ತಾಯಿಯ ಮುಖ ನೋಡಿದಳು. ವಿನಯಾ ತನ್ನ ಬಟ್ಟಲಿನ ಮೇಲೆ ತಲೆ ಬಗ್ಗಿಸಿದಳು. ಬೆಳ್ಳಿ ಬಟ್ಟಲು ಬಡಿಸಿ, ಕೇಳಿ, ಕಾದಳು. ಈ ಬಾರಿ ಕಾದದ್ದು ಹೆಚ್ಚು ಹೊತ್ತು. ಮುಚ್ಚುವ ತಟ್ಟೆ ಕೈಯಲ್ಲಿತ್ತು, ಕಿವಿ ಗೇಟಿನ ಕಡೆ ಇತ್ತು.

ದೀಪಾವಳಿಯ ಮುಂದಿನ ಸೋಮವಾರ ಧಾರಾವಾಹಿಯಲ್ಲಿ ಗೋವರ್ಧನನ ಗುಟ್ಟು ಬಿಚ್ಚಿದರು. ರತ್ನಗಿರಿಯಲ್ಲಿ ಅವನಿಗೆ ಇನ್ನೊಬ್ಬ ಹೆಂಡತಿ, ಮೋಕ್ಷಿತಾ ಎಂಬ ಮಗಳು. ದೋಣಿ ಮುಳುಗಿದ್ದನ್ನೇ ನೆಪ ಮಾಡಿಕೊಂಡು ಸೀತುವನ್ನು ಬಿಟ್ಟು ಹೋದವನು ಅವನು. ಗುರುವಾರ ರೇಟಿಂಗ್ ಜಿಗಿಯಿತು. ತೃಷಾ ಮೇಡಂ ಧಾರಾವಾಹಿ ತಂಡದ ಮೊಬೈಲ್ ಗುಂಪಿನಲ್ಲಿ ಹೂಗುಚ್ಛದ ಚಿತ್ರ ಹಾಕಿದಳು.

ಮಾರುಕಟ್ಟೆಯಲ್ಲಿ ಶ್ರೀಲತಾ ದೊಡ್ಡ ದನಿಯಲ್ಲಿ, “ಹ್ವಾಯ್ ಬೆಳ್ಳಕ್ಕ! ಗಂಡ ಮುಳ್ಗಿದ್ದ್ ನೀರಂಗೆ ಅಲ್ಲ ಅಂಬ್ರಲೆ, ರತ್ನಗಿರಿಯಂಗೆ ಅಂಬ್ರ್!” ಎಂದಳು. ಸುತ್ತ ಕೂತವರು ನಕ್ಕರು. ಶ್ರೀಲತಾಳ ಮನಸ್ಸಿನಲ್ಲಿ ವಿಷವಿರಲಿಲ್ಲ. ನಿನ್ನೆಯ ತನಕ ನಡೆದ ತಮಾಷೆಯನ್ನೇ ಅವಳು ಮುಂದುವರಿಸಿದ್ದು. ಬೆಳ್ಳಿ ಅರ್ಧ ಬುಟ್ಟಿ ಮೀನನ್ನು ಅವಳಿಗೇ ದಾಟಿಸಿ, ಹತ್ತು ಗಂಟೆಯ ಬಸ್ಸಿಗೆ ಮನೆಗೆ ಬಂದಳು. ಮೀನುಬುಟ್ಟಿ ಖಾಲಿಯಾಗದೆ ಅವಳು ಬಸ್ಸು ಹತ್ತಿದ್ದು ಅದೇ ಮೊದಲು.

ಅಂದು ಮಧ್ಯಾಹ್ನ ಅವಳು ಮೀನು ಹಸನು ಮಾಡುವಾಗ ವಿನಯಾ ಹೊಸ್ತಿಲಲ್ಲಿ ಕೂತಳು. ಮೆಟ್ಟುಕತ್ತಿಗೆ ಮೀನಿನ ತಲೆ ತಾಗುವ ಸದ್ದು, ನೀರು ಚೆಲ್ಲುವ ಸದ್ದು. ಬೇರೆ ಸದ್ದಿಲ್ಲ. ಸಾರು ಕುದಿಯಿತು, ಎಲ್ಲರಿಗೂ ಬಡಿಸಿ ಆಯಿತು. ಕಂಚಿನ ಬಟ್ಟಲು ಕಾಣಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ತೊಳೆದು, ಮೇಲಿನ ಹಲಗೆಯ ಮೇಲೆ ಕವುಚಿ ಹಾಕಿತ್ತು.

ಲೀಲಾಧರನೂ ಅದನ್ನು ಕಂಡ. ಕೈತೊಳೆಯಲು ಹಿತ್ತಿಲಿಗೆ ಬಂದವನು ಹೆಂಡತಿಗೆ ಮಾತ್ರ ಕೇಳುವಂತೆ ಹೇಳಿದ: “ಇಪ್ಪತ್ತೆರಡ್ ವರ್ಷ ಈ ಮನೆಯಂಗೆ ಅಪ್ಪ ಸತ್ತಿರ್ಲಿಲ್ಲೆ. ನೀವೆಲ್ಲ ಸೇರಿ ಬದ್ಕ್ಸಿ ಕೊಂದ್ರಿ.”

“ನಾ ಅಲ್ಲ…”

“ಗೊತ್ತಿತ್ತ್. ಒಪ್ಪಂದ.”

ಅವನು ಊಟದ ನಂತರ ಒಂದು ಲೋಟ ನೀರು ಕೇಳಿ ಕುಡಿಯುವವನು. ಅಂದು ಕೇಳದೆ ಟೆಂಪೋ ಹತ್ತಿದ. ಮುಂದಿನ ದಿನಗಳಲ್ಲಿ ಮನೆಯಲ್ಲಿ ಮಾತು ಬೇಕಾದಷ್ಟಕ್ಕೆ ಮಾತ್ರ ಇಳಿಯಿತು. ಅನ್ನ ಆಯ್ತಾ, ಆಯ್ತು. ಗ್ಯಾಸ್ ಬಂತಾ, ಇಲ್ಲ. ಏಳೂವರೆಗೆ ಟೀವಿ ಹಾಕುವವರಿಲ್ಲ. ಬೆಳ್ಳಿ ಆ ಹೊತ್ತಿಗೆ ಜಗಲಿಯ ತುದಿಯಲ್ಲಿ ಕೂತು, ಹೆದ್ದಾರಿಯಲ್ಲಿ ಹೋಗುವ ಲಾರಿಗಳ ಬೆಳಕು ನೋಡುವಳು. ಪೆಟ್ಟಿಗೆಯ ಮೇಲಿದ್ದ ಬನಿಯನ್ ಮತ್ತು ಲುಂಗಿ ಲೀಲಾಧರನ ಬಟ್ಟೆಗಳ ಜೊತೆ ಸೇರಿದ್ದವು. ಅವನೂ ಅವನ್ನು ಉಡಲಿಲ್ಲ.

ವಿನಯಾ ಹೊಸ್ತಿಲಲ್ಲಿ ಕೂರುವುದನ್ನು ಬಿಡಲಿಲ್ಲ. ದಿನವೂ ನೋಟುಪುಸ್ತಕ ಒಯ್ಯುವಳು, ಖಾಲಿ ಪುಟ ಮುಚ್ಚಿ ಎದ್ದು ಬರುವಳು. ಸೀತುವಿನ ಮಾತನ್ನು ಈಗ ನೆನಪಿನಿಂದ ಬರೆಯಬೇಕಾಗಿತ್ತು. ನೆನಪು ಮೂರು ವಾರಕ್ಕೆ ತೀರಿತು. ಆಮೇಲೆ ಚಾನೆಲ್‌ನ ಹುಡುಗರೇ ಬರೆದರು. ಸೀತು ಟೀವಿಯ ಉಳಿದ ಅತ್ತೆಯರ ಹಾಗೆಯೇ ಮಾತಾಡತೊಡಗಿದಳು. ರೇಟಿಂಗ್ ಒಂದು ವಾರ ನಿಂತಿತು, ಮುಂದಿನ ವಾರ ಇಳಿಯಿತು, ಅದರ ಮುಂದಿನ ವಾರ ಮೊದಲಿಗಿಂತ ಕೆಳಗೆ ಹೋಯಿತು.

ಆಗ ತೃಷಾ ತಾನಾಗಿಯೇ ಫೋನು ಮಾಡಿದಳು.

“ವಿನಯಾ ಅವ್ರೆ, ನೇರವಾಗಿ ಹೇಳ್ತೀನಿ. ಸೀತು ಬಾಯಿಗೆ ಮಾತು ಕೊಡೋಕೆ ನಮ್ಮವರಿಗೆ ಆಗ್ತಿಲ್ಲ. ಗೋವರ್ಧನ ಮನೆ ಬಾಗಿಲಿಗೆ ಬಂದು ನಿಲ್ತಾನೆ. ಸೀತು ಬಾಗಿಲು ತೆಗೀತಾಳೆ. ಒಂದೇ ದೃಶ್ಯ, ಪೂರ್ತಿ ಕಂತು. ಅವಳು ಏನು ಹೇಳ್ತಾಳೆ ಅನ್ನೋದು ನಿಮ್ದು. ಒಳಗೆ ಕರೆಯೋದಾದ್ರೆ ಕರೀಲಿ, ಓಡಿಸೋದಾದ್ರೆ ಓಡಿಸ್ಲಿ. ಅಲ್ಲಿಂದ ಮುಂದಿನ ಕಥೇನೂ ನಿಮ್ದೇ. ಒಂದಕ್ಷರ ಮುಟ್ಟಲ್ಲ. ಬರಹದಲ್ಲಿ ಕೊಡ್ತೀನಿ.”

“ಅವನು ಅವಳ ಗಂಡನಲ್ಲ ಎಂದು ನಾನು ಬರೆದರೆ?”

“ಬರೀರಿ.”

ಸಂಜೆಯೊಳಗೆ ಕಾಗದ ಮೊಬೈಲಿಗೆ ಬಂತು, ಸಹಿ ಸಮೇತ. ಪ್ರಜ್ಞಾ ಅದನ್ನು ಎರಡು ಸಲ ಓದಿ, “ನೀ ಗೆದ್ದೆ ಅಮ್ಮ!” ಎಂದು ಕುಣಿದಳು. “ಆ ರತ್ನಗಿರಿಯನ್ನ ವಾಪಸ್ ಕಳ್ಸ್. ಅಜ್ಜಿ ಬಟ್ಲ್ ಕೆಳಗೆ ಇಳಿತ್ತ್.” ಅಷ್ಟು ದಿನ ಹೆಂಡತಿಯ ಮುಖ ನೋಡದಿದ್ದ ಲೀಲಾಧರನೂ ತಟ್ಟೆಯಿಂದ ತಲೆಯೆತ್ತಿ, “ಅಮ್ಮಂಗೆ ಸಮಾಧಾನ ಆಪ ಹಂಗೆ ಬರಿ” ಎಂದ.

ವಿನಯಾ ಮೂರು ಬೆಳಗು ಕೂತಳು. ಬಾಗಿಲು ತೆರೆಯುತ್ತದೆ, ಅವನು ನಿಂತಿದ್ದಾನೆ, ಸೀತು… ಅಲ್ಲಿಗೆ ಪೆನ್ನು ನಿಲ್ಲುತ್ತಿತ್ತು. ಅಳು ಬರೆದು ಹರಿದಳು. ಬೈಗಳು ಬರೆದು ಹರಿದಳು. ಮೌನ ಎಂದು ಬರೆದು ಅದನ್ನೂ ಹರಿದಳು. ಕೈಯಲ್ಲಿ ಪೂರ್ತಿ ಅಧಿಕಾರವಿತ್ತು, ಬಾಯಲ್ಲಿ ಒಂದು ಮಾತಿರಲಿಲ್ಲ. ಸೀತು ಆಡಿದ ಮುನ್ನೂರು ಕಂತಿನ ಮಾತಿನಲ್ಲಿ ತಾನು ಹುಟ್ಟಿಸಿದ್ದು ಒಂದೂ ಇಲ್ಲವೆಂದು ಅವಳಿಗೆ ಆಗ ತಿಳಿಯಿತು.

ನಾಲ್ಕನೆಯ ದಿನ ಮಧ್ಯಾಹ್ನ ನೋಟುಪುಸ್ತಕ ಹಿಡಿದು ಹಿತ್ತಿಲಿಗೆ ಹೋದಳು. ಹೊಸ್ತಿಲಲ್ಲಿ ಕೂರದೆ, ಕೆಳಗಿಳಿದು ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು.

“ಅತ್ತೆ, ಅವ್ರ್ ನಂಗೇ ಬಿಟ್ಟ್ರ್. ಇನ್ ಯಾರೂ ಮುಟ್ಟುದಿಲ್ಲೆ. ಬಂದವ ಮಾವಯ್ಯ ಅಲ್ಲ ಅಂದೇಳಿ ಬರಿತೆ. ಸುಳ್ಳನ್ನೆಲ್ಲ ತೆಗಿತೆ.”

ಬೆಳ್ಳಿ ಬಂಗುಡೆಯ ರೆಕ್ಕೆ ಕೊಯ್ದಳು. ಕಾಗೆಯೊಂದು ಹತ್ತಿರ ಬಂತು, ಕರುಳು ಎಸೆದಳು.

“ಒಂದೇ ಒಂದ್ ಮಾತ್ ಬೇಕಿದಿತ್ತ್,” ಎಂದಳು ವಿನಯಾ. “ಬಾಗ್ಲ್ ತೆಗ್ದಾಗ ಮಾವಯ್ಯ ನಿಂತಿದ್ರೆ… ನೀವ್ ಮೊದ್ಲ್ ಎಂತ ಹೇಳ್ತಿದ್ರಿ? ಅದೊಂದ್ ಹೇಳಿ ಸಾಕ್. ಮುಂದಿಂದ್ ನಾ ಕಾಣ್ತೆ.”

ಬೆಳ್ಳಿ ಕೈ ನಿಲ್ಲಿಸಿದಳು. ಎಷ್ಟೋ ದಿನಗಳ ನಂತರ ಸೊಸೆಯ ಮುಖವನ್ನು ಸರಿಯಾಗಿ ನೋಡಿದಳು. ಮಡಿಲ ಮೇಲೆ ತೆರೆದಿದ್ದ ಖಾಲಿ ಪುಟವನ್ನೂ, ಕಾಯುತ್ತಿದ್ದ ಪೆನ್ನನ್ನೂ ನೋಡಿದಳು. ಅವಳ ತುಟಿ ಏನನ್ನೋ ಆಡುವಂತೆ ಒಮ್ಮೆ ಅಲುಗಿತು. ಮೀನಿನ ರಕ್ತ ಹತ್ತಿದ ಬೆರಳುಗಳನ್ನು ನೀರಿನಲ್ಲಿ ಅದ್ದಿ ತೊಳೆದುಕೊಂಡು, ಇನ್ನೊಂದು ಮೀನು ಕೈಗೆತ್ತಿಕೊಂಡಳು.

“ಆ ಮಾತ್ ನಂಗೆ ಗೊತ್ತಿತ್ತ್,” ಎಂದಳು. “ಇಪ್ಪತ್ತೆರಡ್ ವರ್ಷ ದಿನಾ ಹೇಳಿ ಹೇಳಿ ಬಾಯಿಪಾಠ ಮಾಡಿ ಇಟ್ಕಂಡದ್. ನಿಂಗೆ ಹೇಳುದಿಲ್ಲೆ.”